ದಿವಾಳಿಯೂ ಸಾಸಿವೆ ಡಬ್ಬಿಯೂ

ಕಾಯಿದೆಯು ಸಾಲಗಾರನ ಮನೆಯ ಹೊಸ್ತಿಲನ್ನು ದಾಟಿದಾಗ ಏನನ್ನು ಬಿಟ್ಟು ಏನನ್ನು ಒಯ್ಯುತ್ತದೆ ಎಂಬುದನ್ನು ನೋಡಿದರೆ, ಆ ಕಾಯಿದೆಯನ್ನು ಬರೆದವರು ಎಂತಹ ಮನೆಗಳಲ್ಲಿ ಬಾಳಿದವರು ಎಂಬುದು ತಿಳಿದುಬರುತ್ತದೆ. ಈ ದೇಶದಲ್ಲಿ ಜಪ್ತಿಯ ಎಲ್ಲೆಯನ್ನು ಇಂದಿಗೂ ಗೊತ್ತುಮಾಡುವುದು 1908ನೆಯ ಇಸವಿಯ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮು. ಅದರ ಪ್ರಕಾರ ಋಣಿಯ, ಅವನ ಹೆಂಡತಿಯ, ಮಕ್ಕಳ ಉಡುಪು ಅವರಿಗೇ ಉಳಿಯಬೇಕು. ಅಡಿಗೆಯ ಪಾತ್ರೆ, ಹಾಸಿಗೆ ಹೊದಿಕೆಗಳು ಉಳಿಯಬೇಕು. ಧರ್ಮಾಚಾರದ ಮೇರೆಗೆ ಹೆಂಗಸು ಮೈಯಿಂದ ತೆಗೆಯಬಾರದ ಒಡವೆ ಉಳಿಯಬೇಕು. ಕುಶಲಕರ್ಮಿಯ ಹತಾರ, ರೈತನ ನೇಗಿಲು, ಎತ್ತು, ಬಿತ್ತನೆಯ ಬೀಜ ಉಳಿಯಬೇಕು. ಇಷ್ಟನ್ನು ಓದಿದವರಿಗೆ ಕಾಯಿದೆಗೂ ಕರುಳಿದೆಯೆಂದು ತೋರದಿರದು. ಆದರೆ ಅದೇ ಕಲಮಿನ ಮೊದಲ ಸಾಲುಗಳಲ್ಲಿ, ಜಪ್ತಿಗೆ ಒಳಪಡತಕ್ಕ ವಸ್ತುಗಳನ್ನು ಎಣಿಸುವ ಕಡೆಯಲ್ಲಿ, ಭೂಮಿ, ಮನೆ, ಸರಕುಗಳ ಜೊತೆಗೆ ಹಣವೆಂದೂ ಬ್ಯಾಂಕಿನ ನೋಟೆಂದೂ ಬರೆದಿದೆ. ಎಷ್ಟು ಹಣ? ಎಷ್ಟಿದ್ದರೆ ಅಷ್ಟೂ. ನೂರು ರೂಪಾಯಿಗೂ ನೂರು ಸಾವಿರಕ್ಕೂ ಅಲ್ಲಿ ಭೇದವಿಲ್ಲ.

ದಿವಾಳಿಯ ಕಾಯಿದೆಗಳೂ ಇದೇ ಜಾಡಿನವು. ತೀರಿಸಲಾರದ ಸಾಲದಲ್ಲಿ ಮುಳುಗಿದವನು, ಹಳೆಯ ಕಚೇರಿಯ ಮಾತಿನಲ್ಲಿ ಹೇಳುವುದಾದರೆ ನಾದಾರಿಯಾದವನು, ನ್ಯಾಯಾಲಯಕ್ಕೆ ಅರ್ಜಿ ಕೊಟ್ಟು ತನ್ನ ಸರ್ವಸ್ವವನ್ನೂ ಒಪ್ಪಿಸುತ್ತಾನೆ. ನ್ಯಾಯಾಲಯವು ನೇಮಿಸಿದ ರಿಸೀವರು ಅದನ್ನು ಮಾರಿ, ಸಾಲ ಕೊಟ್ಟವರಿಗೆ ಅವರವರ ಪಾಲಿನಂತೆ ಹಂಚುತ್ತಾನೆ. ಕಡೆಗೆ ಋಣಿಗೆ ಬಿಡುಗಡೆ ದೊರೆಯುತ್ತದೆ. 1920ರ ಪ್ರಾಂತೀಯ ದಿವಾಳಿ ಕಾಯಿದೆಯ 28ನೆಯ ಕಲಮು, ಜಪ್ತಿಯಿಂದ ಉಳಿದ ವಸ್ತುಗಳು ರಿಸೀವರಿಗೂ ಸೇರತಕ್ಕವಲ್ಲ ಎಂದು ಹೇಳಿ ಸಂಹಿತೆಯ ಪಟ್ಟಿಯನ್ನೇ ಎರವು ತಂದುಕೊಂಡಿತು. ಕಲ್ಕತ್ತ, ಮುಂಬಯಿ, ಮದರಾಸು ಪಟ್ಟಣಗಳಿಗಾಗಿ 1909ರಲ್ಲಿ ಮಾಡಿದ ಕಾಯಿದೆಯ ಕೈ ಇನ್ನೂ ಬಿಗಿ: ಹತಾರ, ಉಡುಪು, ಹಾಸಿಗೆ, ಪಾತ್ರೆ, ಮನೆಯ ಸಾಮಾನು ಎಲ್ಲವೂ ಕೂಡಿ 300 ರೂಪಾಯಿನ ಬೆಲೆಯನ್ನು ಮೀರಬಾರದೆಂದು ಅದು ವಿಧಿಸಿತು. ಅಂದಿನ 300 ರೂಪಾಯಿಗೆ ಒಂದು ಸಂಸಾರದ ಸಾಮಾನು ಬರುತ್ತಿದ್ದಿರಬೇಕು. ಇಂದು ಅದಕ್ಕೆ ಒಂದು ಒಳ್ಳೆಯ ಕುಕ್ಕರೂ ಬಾರದು. ನಗದಿನ ವಿಷಯದಲ್ಲಿ ಮಾತ್ರ ಎರಡು ಕಾಯಿದೆಗಳೂ ಒಂದೇ ಮನಸ್ಸಿನವು. ಎರಡೂ ಅದನ್ನು ಬಿಡುವುದಿಲ್ಲ.

ಇದರ ಫಲವೇನೆಂಬುದನ್ನು ಅರಿಯಲು ಅಕ್ಕಪಕ್ಕದ ಎರಡು ಬಾಡಿಗೆ ಮನೆಗಳನ್ನು ಕಲ್ಪಿಸಿಕೊಂಡರೆ ಸಾಕು. ಒಂದರಲ್ಲಿ ನಿವೃತ್ತನಾದ ಒಬ್ಬ ಅಧಿಕಾರಿ. ಇನ್ನೊಂದರಲ್ಲಿ ಹೊಲಿಗೆಯಿಂದ ಜೀವಿಸುವ ಒಬ್ಬ ದರ್ಜಿ. ಇಬ್ಬರೂ ಒಬ್ಬನೇ ಸ್ನೇಹಿತನ 8 ಲಕ್ಷ ರೂಪಾಯಿನ ಸಾಲಕ್ಕೆ ಜಾಮೀನು ನಿಂತರು, ಸ್ನೇಹಿತನು ಊರು ಬಿಟ್ಟನು, ಇಬ್ಬರೂ ಕೆಟ್ಟರು. ಅಧಿಕಾರಿಗೆ ತಿಂಗಳು ತಿಂಗಳಿಗೆ ಪಿಂಚಣಿ ಬರುತ್ತದೆ. ಅದಕ್ಕೆ 60ನೆಯ ಕಲಮಿನ ರಕ್ಷಣೆಯುಂಟು. ಸಾರ್ವಜನಿಕ ಭವಿಷ್ಯ ನಿಧಿಯಲ್ಲಿ ವರ್ಷ ವರ್ಷ ತುಂಬಿದ ಹಣವಿದೆ, ಅದಕ್ಕೂ ಉಂಟು. ಜೀವವಿಮೆಯಿಂದ ಬರತಕ್ಕ ಮೊತ್ತಕ್ಕೂ 1976ರ ತಿದ್ದುಪಡಿಯ ಮೇಲೆ ಉಂಟು. ವಿಮೆಯನ್ನು ಹೆಂಡತಿ ಮಕ್ಕಳ ಹೆಸರಿಗೆಂದು ಮಾಡಿಸಿದ್ದರಂತೂ 1874ರ ವಿವಾಹಿತ ಸ್ತ್ರೀಯರ ಸ್ವತ್ತಿನ ಕಾಯಿದೆಯ 6ನೆಯ ಕಲಮಿನಂತೆ ಅದು ಅವರ ನಿಕ್ಷೇಪವಾಗಿ ನಿಂತು, ಸಾಲದವರ ಕೈಗೆ ಎಟುಕುವುದೇ ಇಲ್ಲ. ದರ್ಜಿಗಾದರೋ ಉಳಿಯುವುದು ಹೊಲಿಗೆಯ ಯಂತ್ರ ಮತ್ತು ಕತ್ತರಿ. ಅವನ ಹೆಂಡತಿ ಆರು ವರ್ಷ ಹಾಲಿನಲ್ಲಿ, ಎಣ್ಣೆಯಲ್ಲಿ, ತನ್ನ ಸೀರೆಯಲ್ಲಿ ಹಿಡಿತ ಮಾಡಿ ಕೂಡಿಟ್ಟ 40,000 ರೂಪಾಯಿ, ಅದರಲ್ಲಿ ಸ್ವಲ್ಪ ಸಾಸಿವೆ ಡಬ್ಬಿಯಲ್ಲಿಯೂ ಉಳಿದದ್ದು ಗಂಡನ ಬ್ಯಾಂಕಿನ ಪುಸ್ತಕದಲ್ಲಿಯೂ ಇರುವುದು, ರಿಸೀವರಿನ ಪಾಲು. ಅದು ಅವಳ ಸ್ತ್ರೀಧನವೆಂದು ವಾದಿಸಬಹುದಲ್ಲವೇ ಎಂದು ಕೇಳುವವರುಂಟು. ವಾದಿಸಬಹುದು. ಸಾಸಿವೆ ಡಬ್ಬಿಗೆ ರಸೀತಿಯನ್ನು ಯಾರು ಬರೆದುಕೊಟ್ಟಿರುತ್ತಾರೆ?

ಕಾಯಿದೆಯು ಹಣವನ್ನು ರಕ್ಷಿಸುವುದಿಲ್ಲವೆಂದು ಹೇಳಿದರೆ ತಪ್ಪಾಗುತ್ತದೆ. ಅದು ರಕ್ಷಿಸುವುದು ಹಣವನ್ನೇ. ಆದರೆ ಹಣವು ಬೇರೊಂದು ವೇಷವನ್ನು ಧರಿಸಿ ಬಂದಿರಬೇಕು. ವಿಮೆಯ ಪತ್ರವಾಗಿ ಬಂದರೆ ಬಾಗಿಲು ತೆರೆಯುತ್ತದೆ. ನಿಧಿಯ ಪಾಸ್‌ಬುಕ್ಕಾಗಿ ಬಂದರೆ ತೆರೆಯುತ್ತದೆ. ಬರಿಯ ರೂಪಾಯಾಗಿ ಬಂದರೆ ಮುಚ್ಚುತ್ತದೆ. ವೇಷಗಳ ಸಂಗತಿಯನ್ನು ಬಲ್ಲವನು, ಲೆಕ್ಕಪರಿಶೋಧಕನನ್ನು ಕೇಳಬಲ್ಲವನು, ಮೊದಲೇ ಅಣಿಯಾಗಿರುತ್ತಾನೆ. ಈ ಅನ್ಯಾಯವು ಕೂಲಿಯ ವಿಷಯದಲ್ಲಿ ಇನ್ನೂ ವಿಚಿತ್ರ. ಕೂಲಿಯವನ ಮತ್ತು ಮನೆಗೆಲಸದವರ ಸಂಬಳವು ಪೂರ್ತಿಯಾಗಿ ಜಪ್ತಿಯಿಂದ ಮುಕ್ತ. ಧಣಿಯ ಕೈಯಲ್ಲಿ ಇರುವವರೆಗೆ ಅದನ್ನು ಯಾರೂ ಮುಟ್ಟುವಂತಿಲ್ಲ. ಅದೇ ಹಣ ಅವನ ಕೈಗೆ ಬಂದು, ಅವನು ಹೊಟ್ಟೆ ಕಟ್ಟಿ ನಾಲ್ಕು ತಿಂಗಳು ಉಳಿಸಿದನೆಂದರೆ, ಕೂಲಿಯೆಂಬ ಹೆಸರು ಹೋಗಿ ಬರಿಯ ನಗದಾಗುವ ಅಪಾಯ ಬರುತ್ತದೆ. ಕುಡಿದು ಕಳೆದವನಿಗೆ ಈ ಚಿಂತೆಯಿಲ್ಲ.

ಕೈಗೆ ಬಂದ ಹಣ ತನ್ನ ಮೂಲವನ್ನು ಮರೆಯುತ್ತದೆಯೇ ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟೇ ಒಂದೇ ಉತ್ತರವನ್ನು ಕೊಟ್ಟಿಲ್ಲ. 1871ರ ಪಿಂಚಣಿ ಕಾಯಿದೆಯ ರಕ್ಷಣೆ ಪಿಂಚಣಿದಾರನ ಕೈಗೆ ಹಣ ಸೇರುವವರೆಗೆ ಮಾತ್ರವೆಂದು 1987ರಲ್ಲಿ ಹೇಳಿತು. ನಿವೃತ್ತನಾದ ಒಬ್ಬ ಋಣಿಯ ಪ್ರಕರಣದಲ್ಲಿ, ಪಿಂಚಣಿಯೂ ಗ್ರ್ಯಾಚ್ಯುಟಿಯೂ ಕೈಗೆ ಬಂದ ಮೇಲೂ ತಮ್ಮ ಗುಣವನ್ನು ಕಳೆದುಕೊಳ್ಳುವುದಿಲ್ಲ, 60ನೆಯ ಕಲಮಿನ ನೆರಳು ಅವುಗಳ ಮೇಲೆ ಇದ್ದೇ ಇರುತ್ತದೆ ಎಂದು 2008ರಲ್ಲಿ ಹೇಳಿತು. ಎರಡನೆಯದು ಉದಾರವಾದ ತೀರ್ಪು. ಅದಕ್ಕೆ ಯಾರ ಆಕ್ಷೇಪವೂ ಇರಲಾರದು. ಆದರೆ ಪಿಂಚಣಿಯೇ ಇಲ್ಲದ ದರ್ಜಿಗೆ, ಹೂವಾಡಗಿತ್ತಿಗೆ, ತಳ್ಳುಗಾಡಿಯ ವ್ಯಾಪಾರಿಗೆ ಅದರಿಂದ ಏನು ಬಂತು?

ಹೊಸ ಕಾಲದ ಶಾಸಕರಾದರೂ ಈ ಕೊರತೆಯನ್ನು ತಿದ್ದಿರಬಹುದೆಂದು ವಾಚಕರು ಎಣಿಸಬಹುದು. 2016ರ ದಿವಾಳಿ ಸಂಹಿತೆಯ 79ನೆಯ ಕಲಮಿನಲ್ಲಿ, ದಿವಾಳಿಯವನಿಗೆ ಬಿಡತಕ್ಕ ಆಸ್ತಿಗಳ ಹೊಸ ಪಟ್ಟಿಯೊಂದಿದೆ. ಉದ್ಯೋಗಕ್ಕೆ ಬೇಕಾದ ಹತಾರ, ಪುಸ್ತಕ, ವಾಹನ, ಸಂಸಾರದ ಮೂಲಭೂತ ಅವಶ್ಯಕತೆಗೆ ಬೇಕಾದ ಸಾಮಾನು ಮತ್ತು ದಿನಸಿ, ಧರ್ಮಾಚಾರದ ಒಡವೆ, ಜೀವವಿಮೆ ಅಥವಾ ಪಿಂಚಣಿ ಯೋಜನೆ, ವಾಸದ ಮನೆಯೊಂದು. ಇವೆಲ್ಲ ಅಡಮಾನದ ಹೊರೆಯಿಲ್ಲದವಾಗಿರಬೇಕು. ಕಂಪನಿಗಳ ಸಾಲಕ್ಕೆ ಜಾಮೀನು ನಿಂತ ವ್ಯಕ್ತಿಗಳಿಗಾಗಿ 2019ರಲ್ಲಿ ಮಾಡಿದ ನಿಯಮಗಳು ಒಡವೆಗೆ 1 ಲಕ್ಷ ರೂಪಾಯಿನ ಮಿತಿಯನ್ನೂ, ಮನೆಗೆ ಪಟ್ಟಣದಲ್ಲಿ 20 ಲಕ್ಷ, ಹಳ್ಳಿಯಲ್ಲಿ 10 ಲಕ್ಷ ರೂಪಾಯಿನ ಮಿತಿಯನ್ನೂ ಇಟ್ಟವು. ನಗದಿನ ಮಾತು ಎಲ್ಲಿ? ಎಲ್ಲಿಯೂ ಇಲ್ಲ. 20 ಲಕ್ಷದ ಮನೆಯುಳ್ಳವನು ಮನೆಯನ್ನು ಉಳಿಸಿಕೊಳ್ಳಬಲ್ಲ. ಬಾಡಿಗೆ ಮನೆಯವನು ಮುಂದಿನ ತಿಂಗಳ ಬಾಡಿಗೆಯನ್ನು ಉಳಿಸಿಕೊಳ್ಳಲಾರ. ಗೋಣಿಯಲ್ಲಿರುವ ಅಕ್ಕಿಗೆ ರಕ್ಷಣೆಯುಂಟು. ಆ ಗೋಣಿ ಬರಿದಾದ ಮರುದಿನ ಅಕ್ಕಿ ತರಲೆಂದು ಇಟ್ಟ ದುಡ್ಡಿಗೆ ಇಲ್ಲ.

ಅದೇ ಸಂಹಿತೆಯ 80ನೆಯ ಕಲಮು ಕಡುಬಡವರಿಗಾಗಿ ಹೊಸ ಆರಂಭವೆಂಬ ಒಂದು ದಾರಿಯನ್ನು ತೋರಿಸುತ್ತದೆ. ವರ್ಷದ ವರಮಾನ 60,000 ರೂಪಾಯಿಗೆ ಮೀರದೆ, ಮನ್ನಾ ಮಾಡತಕ್ಕ ಸಾಲ 35,000ಕ್ಕೆ ಮೀರದೆ, ಆಸ್ತಿಯ ಒಟ್ಟು ಬೆಲೆ 20,000ಕ್ಕೆ ಮೀರದೆ, ಸ್ವಂತ ಮನೆಯೂ ಇಲ್ಲದೆ ಇದ್ದವನು ಆ ದಾರಿಗೆ ಅರ್ಹ. ಸಂಕಲ್ಪವೇನೋ ಒಳ್ಳೆಯದೇ. ಆದರೆ 25,000 ರೂಪಾಯಿ ಉಳಿಸಿಟ್ಟ ಹೆಂಗಸು ಅದರ ಹೊರಗೆ. ಏನನ್ನೂ ಉಳಿಸದ ಅವಳ ಓರಗಿತ್ತಿ ಒಳಗೆ. ಮಿತವ್ಯಯವನ್ನು ಶಾಲೆಯಲ್ಲಿ ಪಾಠವಾಗಿ ಕಲಿಸಿ, ಅಂಚೆ ಕಚೇರಿಯಲ್ಲಿ ಭಿತ್ತಿಪತ್ರವಾಗಿ ತೂಗುಹಾಕಿ, ಕಾಯಿದೆಯ ಪುಸ್ತಕದಲ್ಲಿ ಅಪರಾಧದಂತೆ ಕಾಣುವುದು ಯಾವ ನೀತಿ? ಇಷ್ಟಾಗಿಯೂ ಈ ಅಧ್ಯಾಯ ಇನ್ನೂ ಜಾರಿಗೆ ಬಂದಿಲ್ಲ. ಸಂಹಿತೆಯ ಮೂರನೆಯ ಭಾಗವು ಕಂಪನಿಗಳ ಜಾಮೀನುದಾರರ ಮಟ್ಟಿಗೆ ಮಾತ್ರ 2019ರ ಡಿಸೆಂಬರ್ 1ರಿಂದ ನಡೆಯುತ್ತಿದೆ. ಸಾಮಾನ್ಯ ಗೃಹಸ್ಥನು ಇಂದಿಗೂ 1909 ಮತ್ತು 1920ರ ಮುದಿ ಕಾಯಿದೆಗಳ ಬಾಗಿಲಲ್ಲಿಯೇ ನಿಲ್ಲಬೇಕಾಗಿದೆ.

ಇದನ್ನು ಸಮರ್ಥಿಸುವವರ ವಾದಗಳೂ ಇಲ್ಲದಿಲ್ಲ. ಕೊಂಡ ಸಾಲವನ್ನು ಕಡೆಯ ಕಾಸಿನವರೆಗೂ ತೀರಿಸಬೇಕು, ಹಾಸಿಗೆ ಇದ್ದಷ್ಟು ಕಾಲು ಚಾಚದವನಿಗೆ ಕರುಣೆ ಏಕೆ ಎಂಬುದು ಮೊದಲನೆಯದು. ಈ ಮಾತನ್ನು ಆಡುವವರು ಅಡಿಗೆಯ ಪಾತ್ರೆಯನ್ನೂ ಮಾರಿಸಲಿ, ಬಿತ್ತನೆಯ ಬೀಜವನ್ನೂ ಒಯ್ಯಲಿ! ಅದಕ್ಕೆ ಅವರಿಗೂ ಮನಸ್ಸು ಬಾರದು. ಬದುಕಲು ಬೇಕಾದಷ್ಟನ್ನು ಬಿಡಬೇಕೆಂಬ ತತ್ತ್ವವನ್ನು 1908ರಲ್ಲಿಯೇ ಒಪ್ಪಿಕೊಂಡಾಯಿತು. ಉಳಿದಿರುವ ಪ್ರಶ್ನೆ, ಬದುಕಲು ಪಾತ್ರೆಯಷ್ಟೇ ಬೇಕೋ ಪಾತ್ರೆಯೊಳಗೆ ಹಾಕುವುದೂ ಬೇಕೋ ಎಂಬುದು. ಇನ್ನು ಇಲ್ಲದವನನ್ನು ಹಿಂಡುವ ನೀತಿಗೆ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು 1980ರಲ್ಲಿಯೇ ತಡೆ ಹಾಕಿದ್ದಾರೆ: ದುರ್ಬುದ್ಧಿಯಿಲ್ಲದೆ, ಕೊಡಲು ಶಕ್ತಿಯಿಲ್ಲದೆ ಇರುವವನನ್ನು ಡಿಕ್ರಿಯ ಸಾಲಕ್ಕಾಗಿ ಸೆರೆಗೆ ಕಳುಹಿಸಲಾಗದೆಂಬುದು ಆ ತೀರ್ಪು. ಇಂಗ್ಲೆಂಡಿನ ಇತಿಹಾಸವನ್ನು ನೋಡಿದರೆ, ಋಣಿಗಳ ಮೇಲೆ ಮರುಕವೇನೂ ಇಲ್ಲದ, ಮೋಸ ಮಾಡಿದ ದಿವಾಳಿಯವನಿಗೆ ಮರಣದಂಡನೆಯನ್ನು ವಿಧಿಸಿದ ರಾಣಿ ಆ್ಯನ್‌ಳ ಕಾಲದ 1705ರ ಶಾಸನವೂ, ಪ್ರಾಮಾಣಿಕವಾಗಿ ಎಲ್ಲವನ್ನೂ ಒಪ್ಪಿಸಿ ಸಾಲದವರಿಗೆ ಪೌಂಡಿಗೆ 8 ಷಿಲಿಂಗು ಸಲ್ಲಿಸಿದವನಿಗೆ ಅವನ ಆಸ್ತಿಯಿಂದ ನೂರಕ್ಕೆ 5ರಂತೆ, 200 ಪೌಂಡನ್ನು ಮೀರದಂತೆ, ಹಣವನ್ನು ಹಿಂದಕ್ಕೆ ಕೊಡಿಸುತ್ತಿತ್ತು. ಮುನ್ನೂರು ವರ್ಷಗಳ ಹಿಂದೆ ಗಲ್ಲಿನ ಪಕ್ಕದಲ್ಲಿಯೇ ನಿಂತಿದ್ದ ಆ ವಿವೇಕ ಇಂದಿನ ಪಟ್ಟಿಯಲ್ಲಿ ಕಾಣುವುದಿಲ್ಲ.

ಎರಡನೆಯ ವಾದ ಇದಕ್ಕಿಂತ ಗಟ್ಟಿ. ಸಾಲ ಕೊಟ್ಟವರೆಲ್ಲ ಸಾಹುಕಾರರಲ್ಲ. ಬಳೆ ಅಡವಿಟ್ಟು ನೆರೆಯವನಿಗೆ 20,000 ರೂಪಾಯಿ ಕೊಟ್ಟ ವಿಧವೆಯೂ ಸಾಲದವರ ಸಾಲಿನಲ್ಲಿ ನಿಂತಿರಬಹುದು. ಋಣಿಗೆ ಬಿಟ್ಟ ರೂಪಾಯಿ ಅವಳಿಂದ ಕಿತ್ತುಕೊಂಡ ರೂಪಾಯಿ. ಇದು ನಿಜ, ಇದನ್ನು ಹಗುರವಾಗಿ ತಳ್ಳಿಹಾಕತಕ್ಕದ್ದಲ್ಲ. ಆದರೆ ಲೆಕ್ಕವನ್ನು ಹಾಕಿಯೇ ನೋಡಬೇಕು. ಮೇಲಿನ ದರ್ಜಿಯ 40,000 ರೂಪಾಯಿಯನ್ನು 8 ಲಕ್ಷದ ಸಾಲಕ್ಕೆ ಹಂಚಿದರೆ ರೂಪಾಯಿಗೆ 5 ಪೈಸೆ. ಆ ವಿಧವೆಗೆ ದೊರೆಯುವುದು 1,000 ರೂಪಾಯಿ, ಅದೂ ರಿಸೀವರಿನ ಖರ್ಚನ್ನು ಕಳೆಯುವುದಕ್ಕೆ ಮೊದಲು. ಅವಳ 19,000 ರೂಪಾಯಿ ಹೇಗೂ ಹೋಯಿತು. ಇತ್ತ ದರ್ಜಿಯ ಮನೆಯಲ್ಲಿ ಮೂರು ತಿಂಗಳ ಬಾಡಿಗೆ, ಮಗುವಿನ ಶುಲ್ಕ, ದಾರ ಗುಂಡಿಗಳ ಬಂಡವಾಳ ಎಲ್ಲವೂ ಒಮ್ಮೆಗೇ ಹೋಯಿತು. ದಾರವಿಲ್ಲದ ಯಂತ್ರವನ್ನು ಮನೆಯಲ್ಲಿ ಬಿಟ್ಟುಹೋದ ಕಾಯಿದೆಯು ಯಾವ ಪುರುಷಾರ್ಥವನ್ನು ಸಾಧಿಸಿತು? ಅವನು ಮತ್ತೆ ಬಡ್ಡಿಯವನ ಬಾಗಿಲಿಗೇ ಹೋಗುತ್ತಾನೆ. ಬಿಡುಗಡೆಯ ಪತ್ರದ ಮಸಿ ಆರುವ ಮೊದಲೇ ಹೊಸ ಸಾಲ ಆರಂಭವಾಗುತ್ತದೆ.

ನಗದು ಬಚ್ಚಿಡಲು ಸುಲಭ, ಅದಕ್ಕೆ ರಿಯಾಯಿತಿ ಕೊಟ್ಟರೆ ಕಳ್ಳರಿಗೆ ಹಬ್ಬ ಎಂಬುದು ಮತ್ತೊಂದು ಮಾತು. ಬಚ್ಚಿಡುವವನಿಗೆ ರಿಯಾಯಿತಿಯ ಹಂಗೇ ಇಲ್ಲ; ಅವನು ಇಂದೂ ಬಚ್ಚಿಡುತ್ತಾನೆ. ಲೆಕ್ಕದಲ್ಲಿ ತೋರಿಸಿದ ಹಣಕ್ಕೆ ಮಾತ್ರ ರಿಯಾಯಿತಿಯೆಂದರೆ ತೋರಿಸುವವರ ಸಂಖ್ಯೆ ಹೆಚ್ಚೀತು, ಕಡಮೆಯಾಗದು. ಮೋಸವನ್ನು ಹಿಡಿಯುವ ಕೊಕ್ಕೆಗಳು 1920ರ ಕಾಯಿದೆಯಲ್ಲಿಯೇ ಇವೆ: ದಿವಾಳಿಗೆ ಮುಂಚಿನ ಎರಡು ವರ್ಷಗಳಲ್ಲಿ ತಕ್ಕ ಪ್ರತಿಫಲವಿಲ್ಲದೆ ಮಾಡಿದ ವರ್ಗಾವಣೆಯನ್ನು 53ನೆಯ ಕಲಮಿನಂತೆ ರದ್ದುಮಾಡಬಹುದು, ಕೊನೆಯ ಮೂರು ತಿಂಗಳಲ್ಲಿ ಒಬ್ಬ ಸಾಲದವನಿಗೆ ಮಾತ್ರ ಒಲವು ತೋರಿದ್ದನ್ನು 54ನೆಯ ಕಲಮಿನಂತೆ ಮುರಿಯಬಹುದು, ಮೋಸದಿಂದ ಆಸ್ತಿಯನ್ನೋ ಲೆಕ್ಕದ ಪುಸ್ತಕವನ್ನೋ ಮರೆಮಾಡಿದವನಿಗೆ 69ನೆಯ ಕಲಮಿನಂತೆ ಒಂದು ವರ್ಷದವರೆಗೆ ಸೆರೆಯುಂಟು. ಕಳ್ಳನಿಗಾಗಿ ಮಾಡಿದ ಬೇಲಿ ಇರುವಾಗ ಮನೆಯವಳ ಕೈಯನ್ನೂ ಕಟ್ಟುವುದೇಕೆ?

ನಿಧಿಯಲ್ಲಿ ಹಣ ಇಡಲು ದರ್ಜಿಗೆ ಯಾರು ಬೇಡವೆಂದರು ಎಂದು ಕೇಳುವ ಮಹಾಶಯರಿಗೆ ಉತ್ತರ ಬಹಳ ಬೇಕಾಗಿಲ್ಲ. ಸಾರ್ವಜನಿಕ ಭವಿಷ್ಯ ನಿಧಿಯ ಅವಧಿ 15 ವರ್ಷ. ಮಳೆಗಾಲದ ಜ್ವರ ಹದಿನೈದು ವರ್ಷ ಕಾಯುವುದಿಲ್ಲ. ದೂರದ ಮುದಿತನದ ಅನ್ನಕ್ಕೆ ಕಾವಲಿಟ್ಟು ನಾಳಿನ ಅನ್ನವನ್ನು ಬಯಲಿಗೆ ಬಿಡುವುದು ನಾಳಿನ ಚಿಂತೆಯಿಲ್ಲದವರು ಮಾಡಿದ ಏರ್ಪಾಡು. 1920ರ ಕಾಯಿದೆಯ 66ನೆಯ ಕಲಮಿನಂತೆ ಋಣಿಯ ಸಂಸಾರಕ್ಕೆ ಅವನ ಆಸ್ತಿಯಿಂದಲೇ ನ್ಯಾಯಾಲಯವು ಅನ್ನವಸ್ತ್ರಕ್ಕೆ ಏನಾದರೂ ಕೊಡಿಸಬಹುದಷ್ಟೆ ಎಂಬುದೂ ಹಾಗೆಯೇ. ಕೊಡಿಸಬಹುದು, ಕೊಡಿಸಲೇಬೇಕೆಂದಿಲ್ಲ. ತನ್ನದೇ ಹಣವನ್ನು ಅರ್ಜಿ ಬರೆದು ಬೇಡುವುದು ಹಕ್ಕೆನಿಸುವುದಿಲ್ಲ, ಬೇಡುವುದೆನಿಸುತ್ತದೆ.

ನಗದಿಗೆ ಗೊತ್ತಾದ ರಿಯಾಯಿತಿಯನ್ನು ಕೊಡುವುದು ಅಸಾಧ್ಯವೆನ್ನುವವರು ಸಾಲದ ವ್ಯಾಪಾರಕ್ಕೆ ತವರೆನಿಸಿದ ಅಮೆರಿಕವನ್ನು ನೋಡಬೇಕು. ಅಲ್ಲಿನ 1978ರ ದಿವಾಳಿ ಸಂಹಿತೆಯ 522ನೆಯ ಕಲಮಿನಲ್ಲಿ, ಋಣಿಯು ತನಗೆ ಇಷ್ಟವಾದ ಯಾವ ಸ್ವತ್ತಿಗಾದರೂ, ನಗದಿಗೂ ಕೂಡ, ಅನ್ವಯಿಸಿಕೊಳ್ಳಬಹುದಾದ ರಿಯಾಯಿತಿಯೊಂದಿದೆ. 2025ರ ಏಪ್ರಿಲ್ 1ರಿಂದ ಅದರ ಮೊತ್ತ 1,675 ಡಾಲರು. ಸ್ವಂತ ಮನೆಗೆಂದು ಇಟ್ಟ ರಿಯಾಯಿತಿಯನ್ನು ಬಳಸದೆ ಉಳಿಸಿದವನು ಅದರಿಂದ ಇನ್ನೂ 15,800 ಡಾಲರಿನವರೆಗೆ ಸೇರಿಸಿಕೊಳ್ಳಬಹುದು. ಎಂದರೆ ಬಾಡಿಗೆ ಮನೆಯವನಿಗೆ ಮನೆಯಿಲ್ಲದ ಕೊರತೆಯನ್ನು ಕಾಯಿದೆಯೇ ನಗದಿನಲ್ಲಿ ತುಂಬಿಕೊಡುತ್ತದೆ. ಬೆಲೆಗಳು ಏರಿದಂತೆ ಮೂರು ವರ್ಷಕ್ಕೊಮ್ಮೆ ಈ ಅಂಕಿಗಳೂ ತಾವಾಗಿ ಏರುತ್ತವೆ. ಹಾಗೆಂದು ಅಮೆರಿಕದ್ದೆಲ್ಲ ಚಿನ್ನವಲ್ಲ. ಈ ಪಟ್ಟಿಯನ್ನು ತಮ್ಮ ನಿವಾಸಿಗಳಿಗೆ ನಿರಾಕರಿಸಲು ಸಂಸ್ಥಾನಗಳಿಗೆ ಅಧಿಕಾರವಿದ್ದು, ಫ್ಲೋರಿಡಾ ಹಾಗೆ ನಿರಾಕರಿಸಿದೆ. ಅಲ್ಲಿನ ಸಂವಿಧಾನವು ವಾಸದ ಮನೆಗೆ ಬೆಲೆಯ ಮಿತಿಯನ್ನೇ ಇಡದೆ, ಚರಾಸ್ತಿಗೆ ಮಾತ್ರ 1,000 ಡಾಲರೆಂದು ಗೆರೆ ಎಳೆಯಿತು. ಅರಮನೆ ಉಳಿದು ಗಲ್ಲೆ ಬರಿದಾಗುವ ಈ ನ್ಯಾಯವನ್ನು ನಂಬಿ, ದಿವಾಳಿಗೆ ಮುಂಚೆ ಅಲ್ಲಿ ಮನೆ ಕೊಳ್ಳುವವರನ್ನು ತಡೆಯಲು 2005ರಲ್ಲಿ ಅಮೆರಿಕದ ಶಾಸಕರು, ಅರ್ಜಿಗೆ ಮುಂಚಿನ 1,215 ದಿನಗಳೊಳಗೆ ಕೊಂಡ ಮನೆಗೆ ಬೇರೊಂದು ಮಿತಿಯನ್ನು ಹಾಕಬೇಕಾಯಿತು. ರೂಪವನ್ನು ಕಾಯುವ ಕಾಯಿದೆಗೆ ಎಲ್ಲಿಯೂ ಬರುವ ರೋಗ ಇದೇ.

ಕರ್ನಾಟಕವು ಸಾಲಗಾರನ ಸಂಕಟವನ್ನು ಅರಿಯದ ನಾಡಲ್ಲ. 1976ರಲ್ಲಿ ದೇವರಾಜ ಅರಸರ ಆಡಳಿತವು ಋಣಪರಿಹಾರದ ಕಾಯಿದೆಯನ್ನು ತಂದಿತು. ಸಣ್ಣ ಸಾಲಗಳ ವಸೂಲಿಯಲ್ಲಿ ನಡೆದ ದೌರ್ಜನ್ಯವನ್ನು ತಡೆಯಲು 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯೊಂದು ಹೊರಟು, ಹತ್ತು ವರ್ಷಗಳವರೆಗಿನ ಸೆರೆಯನ್ನು ವಿಧಿಸಿತು. ವಸೂಲಿಯ ಗೂಂಡಾ ಬಾಗಿಲು ಬಡಿಯಬಾರದು, ಅದು ಸರಿ. ಕಾಯಿದೆಯ ಅಧಿಕಾರಿಯೇ ಮೆಲ್ಲನೆ ಒಳಗೆ ಬಂದು, ರಸೀತಿ ಕೊಟ್ಟು, ಡಬ್ಬಿಯನ್ನು ಬರಿದುಮಾಡಿದರೆ ಆ ಮನೆಯವಳ ಮಟ್ಟಿಗೆ ಏನು ವ್ಯತ್ಯಾಸ?

ಬೇಕಾದುದು ಬಹಳವಿಲ್ಲ. ಲೆಕ್ಕದಲ್ಲಿ ತೋರಿಸಿದ ನಗದಿನಲ್ಲಿ, ಅದು ಕೈಯಲ್ಲಿರಲಿ ಬ್ಯಾಂಕಿನಲ್ಲಿರಲಿ, ಮೂರು ತಿಂಗಳ ಕನಿಷ್ಠ ವೇತನಕ್ಕೆ ಸಮನಾದಷ್ಟು ಋಣಿಯ ಸಂಸಾರಕ್ಕೆ ಉಳಿಯಬೇಕು. ಕನಿಷ್ಠ ವೇತನ ಏರಿದಾಗ ಅದೂ ಏರಬೇಕು. ಅರ್ಜಿ ಬರೆದು ಬೇಡಬೇಕಾಗಿರಬಾರದು. 79ನೆಯ ಕಲಮಿನ ಪಟ್ಟಿಗೆ ಇದೊಂದು ಸಾಲನ್ನು ಪಾರ್ಲಿಮೆಂಟು ಸೇರಿಸಬಹುದು. ದೆಹಲಿಯನ್ನು ಕಾಯಬೇಕಾದ್ದೂ ಇಲ್ಲ: ದಿವಾಳಿಯೂ ಸಿವಿಲ್ ಪ್ರಕ್ರಿಯೆಯೂ ಸಂವಿಧಾನದ ಏಳನೆಯ ಅನುಸೂಚಿಯ ಸಮವರ್ತಿ ಪಟ್ಟಿಯಲ್ಲಿ 9 ಮತ್ತು 13ನೆಯ ವಿಷಯಗಳಾಗಿದ್ದು, ರಾಷ್ಟ್ರಪತಿಗಳ ಅಂಕಿತ ದೊರೆತರೆ ಬೆಂಗಳೂರಿನ ಶಾಸನಸಭೆಯೂ 60ನೆಯ ಕಲಮನ್ನು ಈ ರಾಜ್ಯದ ಮಟ್ಟಿಗೆ ತಿದ್ದಬಹುದು. ಹಾಗೆ ತಿದ್ದಿದ ಪದ್ಧತಿಯೂ ಇಲ್ಲಿ ಹೊಸದಲ್ಲ. ಅದೇ ಕಲಮಿಗೆ ಈ ರಾಜ್ಯವು ಸೇರಿಸಿದ ಉಪಕಲಮೊಂದು ಈಗಾಗಲೇ ಇದೆ. ಅದು ರಕ್ಷಿಸುವುದು ಸರ್ಕಾರಿ ವಿಮಾ ಇಲಾಖೆಯಲ್ಲಿ ಜೀವವಿಮೆ ಮಾಡಿಸಿದ ಸರ್ಕಾರಿ ನೌಕರರ ಹಣವನ್ನು.